ಚೀನೀ ಭಾಷೆಯ ಗುರುಕುಲವಾಸ

“ದೇಶ ಸುತ್ತು, ಕೋಶ ಓದು” ಎಂಬುದು ನಮ್ಮ ಹಿರಿಯರ ಮಾತು. ವಿವೇಕವನ್ನು ಸಂಪಾದಿಸಲು ಇವೆರಡೂ ಬೇರೆ ಬೇರೆ ದಾರಿಗಳೆಂದು ನಾವು ಎಣಿಸುವುದುಂಟು. ಆದರೆ ಪರಭಾಷೆಯೊಂದನ್ನು ಅದು ಬೆಳೆದ ನಾಡಿಗೇ ಹೋಗಿ ಕಲಿಯುವೆನೆಂದು ಹೊರಟವನಿಗೆ ಎರಡೂ ಒಂದೇ ಆಗುವುವು. ಅವನಿಗೆ ಬೀದಿಯೇ ಕೋಶ. ತರಕಾರಿ ಮಾರುವವಳೇ ಉಪಾಧ್ಯಾಯಿನಿ. ಚೀನೀ ಭಾಷೆಯನ್ನು ಹೀಗೆ ಕಲಿಯಲು ನಾನಾ ದೇಶಗಳಿಂದ ತರುಣ ತರುಣಿಯರು ಚೀನಾಕ್ಕೂ ತೈವಾನಿಗೂ ಹೋಗುತ್ತಿರುವರು. ಅವರ ಪ್ರಸ್ತಾಪ ಬಂದಾಗ ಜನರು “ಅಬ್ಬ, ಎಂಥ ಲಿಪಿ!” ಎಂದು ಬೆರಗಾಗುವರು. ಲಿಪಿಯ ಕಷ್ಟವು ಕಣ್ಣಿಗೆ ಕಾಣುವಂಥದು. ಕಾಣದ ಕಷ್ಟವೊಂದುಂಟು, ಮಕ್ಕಳನ್ನು ಕಳುಹಿಸುವ ಮನೆಯವರು ಮುಖ್ಯವಾಗಿ ತಿಳಿದಿರಬೇಕಾದುದು ಅದನ್ನೇ.

ಮೊದಲು ಕಾಣುವ ಕಷ್ಟವನ್ನು ನೋಡೋಣ. ಮ್ಯಾಂಡರಿನ್ ಎಂದು ಕರೆಯಿಸಿಕೊಳ್ಳುವ ಶಿಷ್ಟ ಚೀನಿಯಲ್ಲಿ ನಾಲ್ಕು ಸ್ವರಭೇದಗಳಿವೆ. “ಮಾ” ಎಂಬ ಉಚ್ಚಾರವು ಎತ್ತರದಲ್ಲಿ ಸಮನಾಗಿ ನಿಂತರೆ ತಾಯಿ, ಮೇಲೇರಿದರೆ ಸೆಣಬು, ತಗ್ಗಿ ಏರಿದರೆ ಕುದುರೆ, ಥಟ್ಟನೆ ಇಳಿದರೆ ಬೈಯುವುದು. ಕೊಳ್ಳುವುದಕ್ಕೂ ಮಾರುವುದಕ್ಕೂ “ಮೈ” ಎಂಬ ಒಂದೇ ಧ್ವನಿ. ಸ್ವರ ಮಾತ್ರ ಬೇರೆ. ಇನ್ನು ಲಿಪಿ. ಚೀನಾ ಸರ್ಕಾರವು 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,105 ಲಿಪಿಚಿಹ್ನೆಗಳಿವೆ. ಅವುಗಳಲ್ಲಿ ನಿತ್ಯದ ಬಳಕೆಗೆಂದು ಮೊದಲ ವರ್ಗಕ್ಕೆ ಸೇರಿಸಿದವೇ 3,500. ಅಮೆರಿಕದ ವಿದೇಶಾಂಗ ಇಲಾಖೆಯ ಭಾಷಾಶಾಲೆಯು ತನ್ನ ಅಧಿಕಾರಿಗಳಿಗೆ ಚೀನಿಯನ್ನು ಕಲಿಸಲು 88 ವಾರಗಳು, ಅಂದರೆ 2,200 ಗಂಟೆಗಳ ಪಾಠ ಬೇಕೆಂದು ಲೆಕ್ಕ ಹಾಕಿದೆ. ಸ್ಪ್ಯಾನಿಷ್ ಭಾಷೆಗೆ ತಗಲುವ ಕಾಲದ ಸುಮಾರು ಮೂರರಷ್ಟು ಇದು.

ಇಷ್ಟು ದೀರ್ಘವಾದ ದಾರಿಯನ್ನು ಬೇಗನೆ ಸವೆಸಲು ಕಂಡುಕೊಂಡ ಉಪಾಯವೇ ಒಂದು ಬಗೆಯ ಗುರುಕುಲವಾಸ. ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ಕೂಡಿ 1963ರಲ್ಲಿ ತೈಪೆಯಲ್ಲಿ ಸ್ಥಾಪಿಸಿದ ಶಾಲೆಯೊಂದು 1997ರಲ್ಲಿ ಬೀಜಿಂಗಿನ ತ್ಸಿಂಘ್ವಾ ವಿಶ್ವವಿದ್ಯಾನಿಲಯಕ್ಕೆ ಬಂದಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 1993ರಲ್ಲಿ ಬೀಜಿಂಗಿನಲ್ಲಿಯೇ ಎಂಟು ವಾರಗಳ ಬೇಸಗೆಯ ವ್ಯಾಸಂಗವನ್ನು ಆರಂಭಿಸಿತು. ಇಂಥ ಶಾಲೆಗಳಲ್ಲಿ ವಿದ್ಯಾರ್ಥಿಯು ಭಾಷಾಪ್ರತಿಜ್ಞೆಯೊಂದಕ್ಕೆ ಸಹಿ ಹಾಕುವ ಪದ್ಧತಿಯುಂಟು. ವ್ಯಾಸಂಗವು ಮುಗಿಯುವವರೆಗೆ ಪಾಠದ ಮನೆಯಲ್ಲಾಗಲಿ ಊಟದ ಮನೆಯಲ್ಲಾಗಲಿ ಗೆಳೆಯರೊಡನೆಯಾಗಲಿ ಚೀನಿಯನ್ನಲ್ಲದೆ ಬೇರೆ ಭಾಷೆಯನ್ನು ಆಡೆನೆಂಬುದೇ ಆ ಪ್ರತಿಜ್ಞೆ.

ಕಾಣದ ಕಷ್ಟವು ಇಲ್ಲಿಂದಲೇ ಮೊದಲಾಗುವುದು. ಮನುಷ್ಯನ ವ್ಯಕ್ತಿತ್ವದ ಬಹುಭಾಗವು ಅವನ ಮಾತಿನಲ್ಲಿರುವುದಷ್ಟೆ. ತನ್ನ ಊರಿನಲ್ಲಿ ಅವನು ವಾದದಲ್ಲಿ ಗೆಲ್ಲುವವನು, ನಾಲ್ವರನ್ನು ನಗಿಸುವವನು, ಗೆಳೆಯನಿಗೆ ದುಃಖ ಬಂದಾಗ ಸಮಾಧಾನ ಹೇಳಬಲ್ಲವನು. ಪ್ರತಿಜ್ಞೆಗೆ ಸಹಿ ಹಾಕಿದೊಡನೆ ಇವೆಲ್ಲವನ್ನೂ ಕಳಚಿ ಹೊರಗಿಡಬೇಕು. ಇಪ್ಪತ್ತೆರಡು ವರ್ಷದ ಬುದ್ಧಿ, ಮೂರು ವರ್ಷದ ನಾಲಗೆ! ಕೋಪ ಬಂದರೆ ಕೋಪಿಸಿಕೊಳ್ಳಲು ಮಾತಿಲ್ಲ. ಹಾಸ್ಯ ಹೊಳೆದರೆ ಅದನ್ನು ಜೋಡಿಸುವಷ್ಟರಲ್ಲಿ ಸಂಭಾಷಣೆಯು ಮುಂದೆ ಸಾಗಿರುವುದು. ಅವನ ಹೆಸರು ಕೂಡ ಅವನದಾಗಿ ಉಳಿಯುವುದಿಲ್ಲ. ಚೀನಿಯರ ನಾಲಗೆಗೆ ಒಗ್ಗುವ ಎರಡು ಮೂರು ಅಕ್ಷರಗಳ ಹೊಸ ಹೆಸರನ್ನು ಗುರುಗಳು ಇಡುವರು. ಯಾರನ್ನೋ ಕರೆದರೆಂದು ಸುಮ್ಮನಿದ್ದು, ಕರೆದುದು ತನ್ನನ್ನೇ ಎಂದು ತಡವಾಗಿ ತಿಳಿಯುವುದುಂಟು.

ಬೀದಿಗೆ ಇಳಿದರೆ ಪರೀಕ್ಷೆ ಇನ್ನೂ ಕಠಿಣ. ನೀರಿನಲ್ಲಿ ಬೇಯಿಸಿದ ಕಡುಬಿಗೆ ಚೀನಿಯಲ್ಲಿರುವ ಹೆಸರೂ ನಿದ್ರಿಸುವುದೆಂಬ ಮಾತೂ ಸ್ವರಭೇದವೊಂದನ್ನು ಬಿಟ್ಟರೆ ಒಂದೇ. ಹಸಿದವನು ಕಡುಬು ಕೇಳಲು ಹೋಗಿ ನಿದ್ರೆಯನ್ನು ಕೇಳುವನು, ಅಂಗಡಿಯವನು ನಗುವನು. ಆ ನಗೆಯಲ್ಲಿ ದ್ವೇಷವಿಲ್ಲ. ಆದರೂ ದಿನಕ್ಕೆ ಹತ್ತು ಸಲ ನಗೆಗೀಡಾದವನಿಗೆ ಹನ್ನೊಂದನೆಯ ಸಲ ಬಾಯಿ ತೆರೆಯುವುದಕ್ಕೇ ಅಂಜಿಕೆ. ಹೊಗಳಿಕೆಯೂ ಅವನನ್ನು ನೋಯಿಸಬಲ್ಲದು. ಬರಿಯ ನಮಸ್ಕಾರ ಹೇಳಿದರೆ ಸಾಕು, “ನಿಮ್ಮ ಚೀನೀ ಬಹಳ ಚೆನ್ನಾಗಿದೆ” ಎನ್ನುವರು. ಅದಕ್ಕೆ “ನಾಲಿ, ನಾಲಿ”, ಅಂದರೆ “ಎಲ್ಲಿ ಬಂತು, ಎಲ್ಲಿ ಬಂತು” ಎಂದು ವಿನಯದಿಂದ ಉತ್ತರಿಸುವುದು ಹಳೆಯ ರೂಢಿ. ಹೊಗಳಿದವರು ತನ್ನನ್ನು ಅತಿಥಿಯಾಗಿಯೇ ಉಳಿಸಿದರೆಂದು ಕಲಿಯುವವನಿಗೆ ಒಳಗೊಳಗೇ ಅನಿಸುವುದು.

ಸ್ನೇಹದ ವಿಷಯವೂ ಹೀಗೆಯೇ. ವಿದೇಶೀ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬೇರೆ ವಸತಿಗೃಹ. ಅಲ್ಲಿನ ವಿದ್ಯಾರ್ಥಿಗಳಿಗೆ ಅವರದೇ ಓದು, ಅವರದೇ ಬಳಗ. ಹತ್ತಿರ ಬರುವವರಲ್ಲಿ ಕೆಲವರು ತಮ್ಮ ಇಂಗ್ಲಿಷನ್ನು ತಿದ್ದಿಕೊಳ್ಳಲು ಬರುವರು. ಭಾರತದವನೆಂದರೆ ಮಾತು ಹಿಂದೀ ಚಲಚ್ಚಿತ್ರದಿಂದ ಆರಂಭವಾಗುವುದುಂಟು. 2017ರಲ್ಲಿ “ದಂಗಲ್” ಆ ದೇಶದಲ್ಲಿ ಅಪಾರ ಜನಪ್ರಿಯತೆಯನ್ನು ಪಡೆಯಿತು. ಆದರೆ ಮುಂದಿನ ಮಾತಿಗೆ ಶಬ್ದ ಸಾಲದು. ಸಹಪಾಠಿಯೊಬ್ಬಳು ಕಣ್ಣೀರಿಟ್ಟಾಗ ಪ್ರತಿಜ್ಞೆಯನ್ನು ಮುರಿದು ಸಂತೈಸಬೇಕೇ, ತಿಳಿದ ಹತ್ತು ಶಬ್ದಗಳಲ್ಲಿಯೇ ಸಂತೈಸಬೇಕೇ ಎಂಬ ಧರ್ಮಸಂಕಟವೂ ಬರುವುದು.

ಭಾರತೀಯನಿಗೆ, ಅದರಲ್ಲಿಯೂ ಕನ್ನಡಿಗನಿಗೆ, ಒಂದೆರಡು ಸಮಾಧಾನಗಳಿವೆ. “ಊಟವಾಯಿತೇ?” ಎಂದು ಕೇಳಿ ಕುಶಲ ವಿಚಾರಿಸುವುದು ಚೀನಿಯರಲ್ಲಿಯೂ ಹಳೆಯ ವಾಡಿಕೆ. ಗುರುತಿಲ್ಲದ ಹಿರಿಯ ಹೆಂಗಸನ್ನು ನಾವು ಅಮ್ಮ, ಅಕ್ಕ ಎನ್ನುವಂತೆ ಅವರು ‘ಆಯಿ’ ಎನ್ನುವರು. ಚಿಕ್ಕಮ್ಮ ಎಂಬ ಅರ್ಥ. ವಯಸ್ಸೆಷ್ಟು, ಮದುವೆಯಾಗಿದೆಯೇ, ಸಂಬಳವೆಷ್ಟು ಎಂಬ ಪ್ರಶ್ನೆಗಳು ಪಾಶ್ಚಾತ್ಯನನ್ನು ಬೆಚ್ಚಿಬೀಳಿಸಿದರೂ ನಮ್ಮವರಿಗೆ ಮನೆಯ ನೆನಪನ್ನು ತರುವುವು.

ಇದು ಇಂದಿನವರ ಕಷ್ಟ ಮಾತ್ರವಲ್ಲ. ಚೀನಾದ ಯಾತ್ರಿಕ ಇತ್ಸಿಂಗನು ಸಂಸ್ಕೃತಕ್ಕಾಗಿ ನಮ್ಮ ದೇಶಕ್ಕೆ ಹೊರಟಾಗ ನೇರವಾಗಿ ಇಲ್ಲಿಗೆ ಬರಲಿಲ್ಲ. ಕ್ರಿ. ಶ. 671ರಲ್ಲಿ ಹೊರಟು, ದಾರಿಯಲ್ಲಿ ಸುಮಾತ್ರದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ವ್ಯಾಕರಣವನ್ನು ಅಭ್ಯಾಸ ಮಾಡಿದನು. ತಾಮ್ರಲಿಪ್ತಿಗೆ ಬಂದ ಮೇಲೂ ಸಂಸ್ಕೃತವನ್ನು ಕಲಿತು ಅನಂತರ ನಾಲಂದವನ್ನು ಸೇರಿದನು. ಮುಂದೆ ಬರುವ ಭಿಕ್ಷುಗಳಿಗೂ, ಶ್ರೀವಿಜಯದಲ್ಲಿ ಒಂದೆರಡು ವರ್ಷವಿದ್ದು ಹೊರಡಿರೆಂದು ಬುದ್ಧಿ ಹೇಳಿದನು. ಪರಭಾಷೆಯ ನೀರಿಗೆ ಒಮ್ಮೆಗೇ ಧುಮುಕದೆ ಮೆಟ್ಟಿಲುಮೆಟ್ಟಿಲಾಗಿ ಇಳಿಯಬೇಕೆಂಬುದನ್ನು ಆತನು ಬಲ್ಲವನಾಗಿದ್ದನು. ನಮ್ಮ ಕಾಲಕ್ಕೆ ಬಂದರೆ, 1947ರಲ್ಲಿ ಪೀಕಿಂಗ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಕಲಿತ ವಸಂತ ಪರಾಂಜಪೆಯವರು ಮುಂದೆ ಅಲ್ಲಿನ ಭಾರತದ ರಾಯಭಾರ ಕಚೇರಿಯನ್ನು ಸೇರಿ, 1954ರಲ್ಲಿ ನೆಹರೂ ಅವರಿಗೂ ಮಾವೋ ಅವರಿಗೂ ನಡುವೆ ದುಭಾಷಿಗಳಾದರು. ಕಡುಬು ಕೇಳಿ ನಗೆಗೀಡಾಗುವ ಹುಡುಗನ ಮುಂದೆ ಇಂಥ ದಿನಗಳೂ ಇರಬಲ್ಲವು.

ಈಗ ಮನೆಯವರ ಕರ್ತವ್ಯವೇನು? ಹಿಂದೆ ಕಾಗದವು ತಿಂಗಳಿಗೊಮ್ಮೆ ಬರುತ್ತಿತ್ತು. ಇಂದು ಜೇಬಿನಲ್ಲಿಯೇ ದೂರವಾಣಿಯಿದೆ. ಅದರಲ್ಲಿಯೂ ತೊಡಕುಂಟು: ಚೀನಾವು 2017ರಲ್ಲಿ ವಾಟ್ಸಾಪನ್ನು ತಡೆಯಿತು, ಭಾರತವು 2020ರಲ್ಲಿ ಚೀನಾದ ವೀಚ್ಯಾಟನ್ನು ನಿಷೇಧಿಸಿತು. ಆದುದರಿಂದ ಮಾತಾಡುವ ಮಾರ್ಗ ಯಾವುದೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳುವುದು ಮೇಲು. ಪ್ರತಿದಿನ ಗಂಟೆಗಟ್ಟಲೆ ಕನ್ನಡದಲ್ಲಿ ಮಾತಾಡಿದರೆ ಮಗನ ದೇಹ ಬೀಜಿಂಗಿನಲ್ಲಿದ್ದು ಮನಸ್ಸು ಮನೆಯ ಜಗುಲಿಯಲ್ಲಿರುವುದು. ಪೂರ್ಣ ಮೌನವಾದರೆ ಅವನಿಗೆ ತಾನು ಯಾರೆಂಬುದೇ ಮರೆತಂತಾಗುವುದು. ವಾರಕ್ಕೆ ಒಂದು ದಿನ, ಒಂದು ವೇಳೆಯನ್ನು ಗೊತ್ತುಮಾಡಿ, ಆ ಹೊತ್ತಿನಲ್ಲಿ ಅವನನ್ನು ಮನದಣಿಯೆ ಮಾತಾಡಗೊಡಬೇಕು. “ಎಷ್ಟು ಕಲಿತೆ?” ಎಂದು ಲೆಕ್ಕ ಕೇಳದೆ, “ಇಂದು ಏನು ತಿಂದೆ? ಯಾರು ನಕ್ಕರು?” ಎಂದು ಕೇಳಿದರೆ ಅವಮಾನವೇ ಹಾಸ್ಯವಾಗಿ ಕರಗುವುದು. ತಂಗಿಯೋ ಅಜ್ಜಿಯೋ ಅವನಿಂದ ಒಂದೊಂದು ಚೀನೀ ಮಾತನ್ನು ಕಲಿಯಲಿ. ವಾರವೆಲ್ಲ ಶಿಷ್ಯನಾಗಿದ್ದವನು ಒಂದು ಗಳಿಗೆ ಗುರುವಾಗಲಿ.

ಮೊದಲ ವಾರಗಳ ಉತ್ಸಾಹವು ಇಳಿದ ಮೇಲೆ ಬೇಸರವು ಕವಿಯುವುದು ಸಹಜ. ಮೊದಲ ಕಣ್ಣೀರಿಗೇ “ಹಿಂದಕ್ಕೆ ಬಾ” ಎನ್ನಬಾರದು. ಆದರೆ ನಿದ್ರೆ ಆಹಾರಗಳು ವಾರಗಟ್ಟಲೆ ಕೆಟ್ಟರೆ, ಪಾಠಕ್ಕೂ ಹೋಗದೆ ಕೋಣೆಯಲ್ಲಿಯೇ ಉಳಿದರೆ, ಉದಾಸೀನ ಸಲ್ಲದು. ಆಗ ಗುರುಗಳಿಗೂ ವೈದ್ಯರಿಗೂ ತನಗೆ ತಿಳಿದ ಭಾಷೆಯಲ್ಲಿಯೇ ಹೇಳಿಕೊಳ್ಳಲೆಂದು ಧೈರ್ಯ ಹೇಳಬೇಕು. ಯಾವ ಪ್ರತಿಜ್ಞೆಯೂ ಆರೋಗ್ಯಕ್ಕಿಂತ ಮಿಗಿಲಲ್ಲ.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ನಮ್ಮ ಬೀದಿಗೂ ಬೇರೆ ನಾಡಿನವರು ಬಂದು ಎಡವುತ್ತ ಕನ್ನಡವಾಡುವುದುಂಟು. ಅವರ ಮಾತು ಮುಗಿಯುವ ಮೊದಲೇ ನಾವು ಇಂಗ್ಲಿಷಿಗೋ ಹಿಂದಿಗೋ ತಿರುಗುವೆವು. ಉಪಕಾರವೆಂದೇ ತಿಳಿದು ಹಾಗೆ ಮಾಡುವೆವು. ಎರಡು ನಿಮಿಷ ತಾಳಿ, ಕನ್ನಡದಲ್ಲಿಯೇ ಮೆಲ್ಲಗೆ ಉತ್ತರಕೊಟ್ಟರೆ, ದೂರದೇಶದಲ್ಲಿರುವ ನಮ್ಮ ಮಕ್ಕಳಿಗೆ ಯಾರು ಏನನ್ನು ಮಾಡಲೆಂದು ಹಾರೈಸುವೆವೋ ಅದನ್ನು ನಾವೇ ಮಾಡಿದಂತಾಗುವುದು.