ಐಪೀಸ್‌ಗೆ ಕಣ್ಣಿಟ್ಟ ಮೊಬೈಲ್

ದೂರದರ್ಶಕದ ಐಪೀಸ್‌ಗೆ ಮೊಬೈಲ್ ಹಿಡಿದವರಿಗೆ ಮೊದಲು ಕಾಣುವುದು ಕತ್ತಲು. ಆಮೇಲೆ ಪರದೆಯ ಮೂಲೆಯಲ್ಲಿ ಬಿಳಿ ಚೂರೊಂದು ಮಿಂಚಿ ಮಾಯವಾಗುತ್ತದೆ. ಕೈ ನಡುಗಿತು, ಮೊಬೈಲ್ ಹಳೆಯದು, ದೂರದರ್ಶಕ ಅಗ್ಗದ್ದು ಎಂದು ಮೂರನ್ನೂ ಬೈದು ಸುಮ್ಮನಾಗುವವರೇ ಹೆಚ್ಚು. ಸಾಮಾನ್ಯವಾಗಿ ಈ ಮೂರೂ ನಿರಪರಾಧಿಗಳು. ಗುಟ್ಟಿರುವುದು ಐಪೀಸ್‌ನ ಹಿಂದೆ ಗಾಳಿಯಲ್ಲಿ ತೇಲುವ ಒಂದು ಪುಟ್ಟ ಬೆಳಕಿನ ಬಿಲ್ಲೆಯಲ್ಲಿ.

ಅದನ್ನು ನೋಡಲು ರಾತ್ರಿ ಬೇಕಿಲ್ಲ. ಹಗಲಲ್ಲಿ, ಸೂರ್ಯನಿರುವ ದಿಕ್ಕನ್ನು ಪೂರ್ತಿ ಬಿಟ್ಟು, ದೂರದರ್ಶಕವನ್ನು ಬೆಟ್ಟದ ಮೇಲಿನ ಬೆಳ್ಳನೆಯ ಆಕಾಶಕ್ಕೆ ತಿರುಗಿಸಿ, ಐಪೀಸ್‌ನಿಂದ ಒಂದು ಮೊಳ ಹಿಂದೆ ನಿಂತು ನೋಡಿ. ಗಾಜಿನಿಂದ ಸ್ವಲ್ಪ ಹೊರಗೆ ದುಂಡನೆಯ ಹೊಳೆಯುವ ಚುಕ್ಕೆ ಕಾಣುತ್ತದೆ. ಅಲ್ಲೊಂದು ಕಾಗದದ ಚೂರು ಹಿಡಿದು ಹಿಂದೆ ಮುಂದೆ ಸರಿಸಿದರೆ, ಒಂದು ದೂರದಲ್ಲಿ ಚುಕ್ಕೆಯ ಅಂಚು ಚೊಕ್ಕವಾಗಿ ನಿಲ್ಲುತ್ತದೆ. ಮುಂದಿನ ದೊಡ್ಡ ಮಸೂರ ಹಿಡಿದ ಬೆಳಕೆಲ್ಲ ಈ ಕಿಂಡಿಯಿಂದಲೇ ಹೊರಬರಬೇಕು. ಕಣ್ಣಿನ ಪಾಪೆ ಅಲ್ಲಿ ಕೂತರೆ ಇಡೀ ನೋಟ ಸಿಗುತ್ತದೆ. ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಕತ್ತಲು. ಕ್ಯಾಮೆರಾಕ್ಕೂ ಇದೇ ನಿಯಮ.

ಬಿಲ್ಲೆಯ ಅಳತೆ ತಿಳಿಯುವುದು ಸುಲಭ. ದೂರದರ್ಶಕದ ಸಂಗಮದೂರವನ್ನು ಐಪೀಸ್‌ನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ. ಮುಂದಿನ ಮಸೂರದ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಬಿಲ್ಲೆಯ ಅಗಲ. 60 ಮಿ.ಮೀ. ಅಗಲ, 700 ಮಿ.ಮೀ. ಸಂಗಮದೂರದ ಸಣ್ಣ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ ವರ್ಧನೆ 28, ಬಿಲ್ಲೆ 2 ಮಿ.ಮೀ.ಗೆ ತುಸು ಹೆಚ್ಚು. ಮೊಬೈಲಿನ ಮುಖ್ಯ ಕ್ಯಾಮೆರಾದ ಬಾಯಿಯೂ ಹೆಚ್ಚುಕಡಿಮೆ ಅಷ್ಟೇ ಅಗಲ. ಬೆಳಕು ಒಂದಿಷ್ಟೂ ಪೋಲಾಗದೆ ಒಳಗೆ ಹೋಗುತ್ತದೆ.

ದುಬಾರಿ ಕ್ಯಾಮೆರಾ ಸೋಲುವುದು ಇಲ್ಲೇ. ದಪ್ಪ ಜೂಮ್ ಲೆನ್ಸಿನ ‘ಪಾಪೆ’ ಮುಂಗಾಜಿನಿಂದ ಹಲವು ಸೆಂಟಿಮೀಟರ್ ಒಳಗಿರುತ್ತದೆ. ಎಷ್ಟೇ ಒತ್ತಿ ಹಿಡಿದರೂ ಅದು ಬಿಲ್ಲೆಯವರೆಗೆ ಬರುವುದಿಲ್ಲ. ಚಿತ್ರದ ನಡುವೆ ಕಿರಿದಾದ ವೃತ್ತ, ಸುತ್ತ ಕಪ್ಪು. ಲೆನ್ಸ್ ಕಳಚುವ ಕ್ಯಾಮೆರಾ ಇದ್ದವರು ಲೆನ್ಸನ್ನೂ ಐಪೀಸನ್ನೂ ತೆಗೆದಿಟ್ಟು, ಕ್ಯಾಮೆರಾವನ್ನು ನೇರವಾಗಿ ದೂರದರ್ಶಕಕ್ಕೆ ಜೋಡಿಸುವುದೇ ಜಾಣತನ. ಐಪೀಸ್‌ನ ಹಿಂದೆ ಕೂರುವುದಕ್ಕೆ ಜೇಬಿನ ಮೊಬೈಲೇ ಸರಿ.

ಆದರೆ ಐಪೀಸ್ ಆರಿಸುವಾಗ ಹೆಚ್ಚು ವರ್ಧನೆಯ ಆಸೆಬುರುಕತನ ಬೇಡ. ಸಾಧಾರಣ ಪ್ಲಾಸಲ್ ಮಾದರಿಯ ಐಪೀಸ್‌ನಲ್ಲಿ ಬಿಲ್ಲೆ ಗಾಜಿನಿಂದ ನಿಲ್ಲುವ ದೂರ ಅದರ ಸಂಗಮದೂರದ ಮುಕ್ಕಾಲಿಗಿಂತ ಕೊಂಚ ಕಡಿಮೆ. 25 ಮಿ.ಮೀ.ದರಲ್ಲಿ ಅದು 17 ಮಿ.ಮೀ. ಆಸುಪಾಸು, ಮೊಬೈಲ್ ಹಿಡಿಯಲು ಧಾರಾಳ ಜಾಗ. 6 ಮಿ.ಮೀ.ದರಲ್ಲಿ ನಾಲ್ಕೇ ಮಿಲಿಮೀಟರ್. ಮೊಬೈಲಿನ ಗಾಜು ಐಪೀಸ್‌ಗೆ ತಾಗಿದರೂ ನೋಟ ಪೂರ್ತಿಯಾಗದು. ಮೊದಲು ಕನ್ನಡಕ ಹಾಕಿಕೊಂಡೇ ಕಣ್ಣಿನಿಂದ ಫೋಕಸ್ ಮಾಡಿ. ಆಗ ಐಪೀಸ್‌ನಿಂದ ಹೊರಬರುವ ಕಿರಣಗಳು ಸಮಾನಾಂತರವಾಗಿರುತ್ತವೆ, ಮೊಬೈಲ್ ತಾನು ಬಹುದೂರದ ವಸ್ತುವನ್ನೇ ನೋಡುತ್ತಿದ್ದೇನೆಂದು ತಿಳಿಯುತ್ತದೆ. ಎರಡು ಮೂರು ಕ್ಯಾಮೆರಾಗಳ ಮೊಬೈಲಿನಲ್ಲಿ ಇನ್ನೊಂದು ಕಾಟ: ಜೂಮ್ ಮಾಡಿದ ಕೂಡಲೇ ಅದು ಪಕ್ಕದ ಲೆನ್ಸಿಗೆ ಹಾರುತ್ತದೆ, ಐಪೀಸ್ ಮುಂದೆ ಆ ಲೆನ್ಸ್ ಇರುವುದಿಲ್ಲ. ಜೂಮ್ ಮುಟ್ಟದಿರಿ. ಕೈಯಲ್ಲಿ ಹಿಡಿಯುವ ಬದಲು ಕ್ಲಿಪ್ಪಿನಂಥ ಹಿಡಿಕೆ ಸಿಕ್ಕುತ್ತದೆ. ಇಲ್ಲವಾದರೆ ಪಿವಿಸಿ ಪೈಪಿನ ತುಂಡೂ ರಬ್ಬರ್ ಬ್ಯಾಂಡೂ ಆದೀತು. ಬಟನ್ ಒತ್ತಿದ ಅಲುಗಾಟ ತಪ್ಪಿಸಲು ಟೈಮರ್ ಇಡಬೇಕು.

ಮೊದಲ ಗುರಿ ಚಂದ್ರನೇ. ಕೊಡಗಿನಲ್ಲಿ ಚಂದ್ರ ಎಂದರೆ ನೆನಪಾಗುವುದು ಪುತ್ತರಿ, ರೋಹಿಣಿ ನಕ್ಷತ್ರದ ಹುಣ್ಣಿಮೆಯ ಆಸುಪಾಸಿನ ಸುಗ್ಗಿ ಹಬ್ಬ. ಕದಿರು ತೆಗೆಯುವುದಕ್ಕೆ ಅಂದಿನ ಬೆಳದಿಂಗಳು ಚೆಂದ, ಫೋಟೋಕ್ಕೆ ಸಪ್ಪೆ. ಹುಣ್ಣಿಮೆಯಂದು ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಚಂದ್ರನ ಮೇಲೆ ಬೀಳುವುದರಿಂದ ಕುಳಿಗಳ ನೆರಳು ಅಳಿಸಿಹೋಗುತ್ತದೆ. ವಾರದ ಹಿಂದಿನ ಅರ್ಧಚಂದ್ರನನ್ನು ಹಿಡಿಯಿರಿ. ಬೆಳಕು ಕತ್ತಲೆ ಸೇರುವ ಗೆರೆಯುದ್ದಕ್ಕೂ ಬೆಟ್ಟ, ಕುಳಿಗಳು ಎದ್ದು ನಿಲ್ಲುತ್ತವೆ. ಸುತ್ತಲಿನ ಕಪ್ಪನ್ನು ಲೆಕ್ಕಕ್ಕೆ ಹಿಡಿದು ಮೊಬೈಲ್ ಚಂದ್ರನನ್ನು ಸುಣ್ಣದ ಉಂಡೆ ಮಾಡುತ್ತದೆ. ಪರದೆಯ ಮೇಲೆ ಚಂದ್ರನನ್ನೇ ಒತ್ತಿ ಹಿಡಿದು, ಬೆಳಕಿನ ಗುರುತನ್ನು ಕೆಳಗೆ ಎಳೆಯಬೇಕು. ಕೆಲವು ಮೊಬೈಲುಗಳು ಚಂದ್ರನನ್ನು ಗುರುತಿಸಿ ತಾವೇ ಕುಳಿಗಳನ್ನು ತಿದ್ದಿ ಕೊಡುತ್ತವೆ. ಆ ಸೌಲಭ್ಯವನ್ನು ಆಫ್ ಮಾಡಿಬಿಡಿ; ಅದು ಫೋಟೋ ಅಲ್ಲ, ಚಿತ್ರ ಬಿಡಿಸುವ ಕೆಲಸ.

ದೂರದರ್ಶಕ ಇಡುವುದೆಲ್ಲಿ? ಕೊಡಗಿನ ಕಾಫಿ ತೋಟದೊಳಗೆ ಸಿಲ್ವರ್ ಓಕ್ ನಡುವೆ ಆಕಾಶವೇ ಇಲ್ಲ. ಗದ್ದೆ ಬಯಲು, ಬಾಣೆ ಇಲ್ಲವೇ ಕಾಫಿ ಒಣಗಿಸುವ ಕಣ ಬೇಕು. ಆಕಾಶ ತಿಳಿಯಾಗುವ ಡಿಸೆಂಬರ್-ಜನವರಿಯಲ್ಲೇ ಕಣದ ತುಂಬ ಕಾಫಿ ಹರಡಿರುತ್ತದೆ ಎಂಬುದು ಬೇರೆ ಮಾತು. ನಾವಿರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ಚಂದ್ರ ನೆತ್ತಿಯ ಹತ್ತಿರವೇ ಹಾದುಹೋಗುತ್ತಾನೆ. ಕುತ್ತಿಗೆ ಉಳಿಸಲು ಮೂಲೆಗನ್ನಡಿ (ಡಯಾಗನಲ್) ಹಾಕಿದರೆ ಚಿತ್ರದ ಎಡಬಲ ಅದಲುಬದಲು, ಆಮೇಲೆ ಮೊಬೈಲಿನಲ್ಲೇ ತಿರುಗಿಸಿಕೊಳ್ಳಬಹುದು. ಗದ್ದೆಯ ಇಬ್ಬನಿ ಮುಂಗಾಜನ್ನು ಮಸುಕಾಗಿಸುತ್ತದೆ. ಕಪ್ಪು ರಟ್ಟನ್ನು ಸುತ್ತಿ ಕೊಳವೆಯನ್ನು ಒಂದು ಗೇಣು ಮುಂದಕ್ಕೆ ಚಾಚಿದರೆ ಬಹಳ ಹೊತ್ತು ತಡೆಯುತ್ತದೆ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿ ಕಡ್ಡಾಯ.

ಗ್ರಹಗಳಿಗಾದರೆ ಫೋಟೋಕ್ಕಿಂತ ವಿಡಿಯೋ ಮೇಲು. ಗಾಳಿಯ ಅಲುಗಾಟದಲ್ಲಿ ಗುರು ಕಲಕುತ್ತಲೇ ಇರುತ್ತಾನೆ. ಆಟೋಸ್ಟ್ಯಾಕರ್ಟ್‌ನಂಥ ಉಚಿತ ತಂತ್ರಾಂಶ ಸಾವಿರಾರು ಚೌಕಟ್ಟುಗಳಲ್ಲಿ ನಿಚ್ಚಳವಾದವನ್ನಷ್ಟೇ ಆಯ್ದು ಒಂದರ ಮೇಲೊಂದು ಪೇರಿಸಿ ಕೊಡುತ್ತದೆ.

ಸೂರ್ಯನ ವಿಚಾರ ಬೇರೆಯೇ. 1871ರ ಡಿಸೆಂಬರ್ 12ರ ಸಂಪೂರ್ಣ ಗ್ರಹಣಕ್ಕೆ ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಅವರ ತಂಡ ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲ ಕೋಟೆಯಲ್ಲಿ ಬಿಡಾರ ಹೂಡಿತ್ತು. ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಹಸಿಯಾಗಿರುವಾಗಲೇ ಬೆಳಕಿಗೊಡ್ಡಿ, ಹಸಿಯಾಗಿರುವಾಗಲೇ ಸಂಸ್ಕರಿಸಬೇಕಾಗಿದ್ದ ಕಾಲ ಅದು. 148 ವರ್ಷಗಳ ನಂತರ, 2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಗ್ರಹಣದ ಹಾದಿ ಅದೇ ಕಾಸರಗೋಡನ್ನು, ಚೆರುವತ್ತೂರಿನ ಬಳಿ, ಹೊಕ್ಕು ಕೊಡಗಿನ ಕುಟ್ಟದ ಮೇಲೆ ಹಾದುಹೋಯಿತು. ಈ ಹೊತ್ತಿಗೆ ಕ್ಯಾಮೆರಾ ಎಲ್ಲರ ಜೇಬಿನಲ್ಲಿತ್ತು. ಕಣ್ಣು ಸುಡುವ ಅಪಾಯ ಮಾತ್ರ ಹಳೆಯದೇ. ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ ಸೌರ ಫಿಲ್ಮು ದೂರದರ್ಶಕದ ಮುಂಬದಿಯಲ್ಲಿ ಗಟ್ಟಿಯಾಗಿ ಕೂತಿರಬೇಕು. ಐಪೀಸ್‌ಗೆ ತಿರುಗಿಸಿ ಹಾಕುವ ‘ಸನ್ ಫಿಲ್ಟರ್’ ಕೇಂದ್ರೀಕೃತ ಶಾಖಕ್ಕೆ ಠಪ್ಪನೆ ಬಿರಿಯಬಹುದು. ಅದನ್ನು ಕಸದ ಬುಟ್ಟಿಗೆ ಹಾಕಿ. ಫಿಲ್ಮು ಇಲ್ಲವೇ? ಐಪೀಸ್‌ನಿಂದ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಯಾರೂ ಒಳಗೆ ಇಣುಕದಂತೆ ಕಾದು, ಕಾಗದದ ಫೋಟೋ ತೆಗೆಯಿರಿ.

ಚಂದ್ರಗ್ರಹಣಕ್ಕೆ ಈ ತಲೆನೋವಿಲ್ಲ. 2028ರ ಡಿಸೆಂಬರ್ 31ರ ರಾತ್ರಿ ಹತ್ತೂವರೆಯ ಹೊತ್ತಿಗೆ ಚಂದ್ರ ಪೂರ್ತಿ ಭೂಮಿಯ ನೆರಳಿನಲ್ಲಿರುತ್ತಾನೆ. ತಾಮ್ರವರ್ಣದ ಆ ಚಂದ್ರ ಹುಣ್ಣಿಮೆಗಿಂತ ಸಾವಿರಾರು ಪಟ್ಟು ಮಂಕು, ಮೊಬೈಲ್ ತಾನಾಗಿ ಸೆಕೆಂಡುಗಟ್ಟಲೆ ಬಾಯಿ ತೆರೆಯಲು ಹವಣಿಸುತ್ತದೆ. ಭೂಮಿ ತಿರುಗುವುದರಿಂದ ಚಂದ್ರ ಎರಡೇ ನಿಮಿಷಕ್ಕೆ ತನ್ನ ಅಗಲದಷ್ಟು ಸರಿದಿರುತ್ತಾನೆ. ಪ್ರೊ ಮೋಡ್‌ನಲ್ಲಿ ಕಾಲು ಸೆಕೆಂಡಿಗೆ ನಿಲ್ಲಿಸಿ ಐಎಸ್‌ಒ ಏರಿಸಿ. ಚಿತ್ರ ಕೊಂಚ ತರಿತರಿಯಾದರೂ ಅಂಚು ಉಳಿಯುತ್ತದೆ.