ಕ್ಲಬ್ ಆಟಗಾರನ ಕೈಗೆ ಬ್ಯಾಟು: ಪ್ರಾಯೋಜಕತ್ವದ ಲಾಭ-ನಷ್ಟ

ಬ್ಯಾಟಿನ ಮೇಲಿನ ಪ್ರಚಾರವೆಂದೊಡನೆ ನೆನಪಾಗುವುದು ಸಚಿನ್ ತೆಂಡೂಲ್ಕರರ ಬ್ಯಾಟಿನಲ್ಲಿದ್ದ ಎಂ.ಆರ್.ಎಫ್. ಹೆಸರು. ಆದರೆ ಮೀರತ್, ಜಲಂಧರ್ ಅಥವಾ ಕಾಶ್ಮೀರದ ಸಣ್ಣ ತಯಾರಕರಿಗಾಗಲಿ, ಅವರ ಸರಕನ್ನು ಮಾರುವ ಬೆಂಗಳೂರು, ಹುಬ್ಬಳ್ಳಿಯ ವರ್ತಕರಿಗಾಗಲಿ ಅಂತಹ ತಾರೆಯರು ನಿಲುಕುವವರಲ್ಲ. ಅವರಿಗೆ ನಿಲುಕುವ ಮಾಧ್ಯಮ ಕ್ಲಬ್ ಕ್ರಿಕೆಟಿಗ.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೀಗ್ ಪಂದ್ಯಗಳಲ್ಲಿ ಆಡುವವರು ಸ್ವತಃ ಸಲಕರಣೆಯ ಗ್ರಾಹಕರು. ಸಹ ಆಟಗಾರನ ಬ್ಯಾಟನ್ನು ಎತ್ತಿ ತೂಕ ನೋಡಿ, ಬೆಲೆ ವಿಚಾರಿಸುವವರೂ ಅವರೇ. ಚೆಂಡು ಚೆನ್ನಾಗಿ ಚಿಮ್ಮಿದರೆ ಜಾಹೀರಾತು ಬೇಕಿಲ್ಲ. ಬ್ಯಾಟು ಬೇಗನೆ ಬಿರುಕು ಬಿಟ್ಟರೆ ಅಪಖ್ಯಾತಿಯೂ ಅಷ್ಟೇ ವೇಗವಾಗಿ ಹರಡುತ್ತದೆ. ಆದುದರಿಂದ ಗುಣಮಟ್ಟದ ಭರವಸೆಯಿಲ್ಲದವರು ಈ ಸಾಹಸಕ್ಕೆ ಕೈಹಾಕದಿರುವುದೇ ಲೇಸು.

ವೆಚ್ಚದ ಲೆಕ್ಕ

ಉದಾಹರಣೆಗೆ, ತಯಾರಿಕಾ ವೆಚ್ಚ 3,000 ರೂ. ಇರುವ ಬ್ಯಾಟುಗಳನ್ನು ಹತ್ತು ಆಟಗಾರರಿಗೆ ವರ್ಷಕ್ಕೆ ಎರಡರಂತೆ ನೀಡಿದರೆ ಖರ್ಚು 60,000 ರೂ. ಪ್ರತಿ ಬ್ಯಾಟಿನ ಮಾರಾಟದಲ್ಲಿ 600 ರೂ. ಉಳಿಯುವುದಾದರೆ, ಹಾಕಿದ ಹಣ ಮರಳಲು 100 ಬ್ಯಾಟುಗಳು ಹೆಚ್ಚುವರಿಯಾಗಿ ಮಾರಾಟವಾಗಬೇಕು. ಆ ಕ್ಲಬ್ಬುಗಳ ವಲಯದಲ್ಲಿ ಅಷ್ಟು ಬೇಡಿಕೆ ಇದೆಯೇ ಎಂಬುದನ್ನು ಮೊದಲೇ ಅಂದಾಜಿಸುವುದು ವಿವೇಕ.

ತೆರಿಗೆಯ ಮುಖ

ಕೇಂದ್ರ ಜಿ.ಎಸ್.ಟಿ. ಕಾಯಿದೆ, 2017ರ 17(5)ನೇ ಕಲಮಿನಂತೆ ಉಡುಗೊರೆ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಹೂಡುವಳಿ ತೆರಿಗೆ ಜಮೆ ದೊರೆಯದು. ಪಡೆದಿದ್ದರೆ ಹಿಂದಿರುಗಿಸಬೇಕು, ಮೇಲಿನ ಲೆಕ್ಕಕ್ಕೆ ಆ ಮೊತ್ತವೂ ಸೇರುತ್ತದೆ. ಪ್ರಚಾರದ ಷರತ್ತಿನ ಮೇಲೆ ಕೊಟ್ಟರೆ ಅದು ವಿನಿಮಯವೆನಿಸಿ ತೆರಿಗೆಗೆ ಒಳಪಡುವ ಸಂಭವವಿದೆ. ಆದಾಯ ತೆರಿಗೆಯಲ್ಲಿ 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮವೂ ಗಮನಾರ್ಹ. ಆಟ ಅಥವಾ ತರಬೇತಿಯನ್ನೇ ವೃತ್ತಿಯಾಗಿಸಿಕೊಂಡವರಿಗೆ ವರ್ಷದಲ್ಲಿ ನೀಡಿದ ಪ್ರಯೋಜನ 20,000 ರೂ. ಮೀರಿದರೆ ಶೇ. 10ರಷ್ಟು ತೆರಿಗೆ ಕಡಿತದ ಪ್ರಶ್ನೆ ಏಳುತ್ತದೆ.

ಕರಾರು ಅಗತ್ಯ

ಬಾಯಿಮಾತಿನ ಒಪ್ಪಂದವೇ ಬಹುತೇಕ ವಿವಾದಗಳ ಮೂಲ. ಒಂದು ಪುಟದ ಪತ್ರದಲ್ಲಿ ಈ ಅಂಶಗಳಿರಲಿ:

1. ಕೊಡುವ ಸಾಮಗ್ರಿ, ಅದರ ಮೌಲ್ಯ ಮತ್ತು ಅವಧಿ.
2. ಬೇರೆ ತಯಾರಕರ ಬ್ಯಾಟಿಗೆ ತಮ್ಮ ಲಾಂಛನ ಅಂಟಿಸಬಾರದೆಂಬ ಷರತ್ತು.
3. ಬಿರುಕು ಬಿಟ್ಟ ಬ್ಯಾಟನ್ನು ಹಿಂದಿರುಗಿಸುವ ಕ್ರಮ.
4. ಆಟಗಾರನ ಛಾಯಾಚಿತ್ರ ಬಳಸಲು ಒಪ್ಪಿಗೆ. ಅಪ್ರಾಪ್ತನಾದರೆ ಪೋಷಕರ ಸಹಿ.

ವಿತರಣೆಯ ರಿಜಿಸ್ಟರು ಮತ್ತು ಸಹಿ ಮಾಡಿದ ರಸೀದಿಗಳಿದ್ದರೆ ಮಾತ್ರ ಈ ಖರ್ಚು ವ್ಯವಹಾರದ ವೆಚ್ಚವೆಂದು ಸಮರ್ಥಿಸಲು ಸುಲಭ. ಇಲ್ಲದಿದ್ದರೆ ಅದು ಪರಿಚಯದ ಹುಡುಗರಿಗೆ ಕೊಟ್ಟ ಕೊಡುಗೆಯೆನಿಸಿ, ಮಾರಾಟವನ್ನೂ ತಾರದೆ, ತೆರಿಗೆಯ ರಿಯಾಯಿತಿಯನ್ನೂ ಉಳಿಸದೆ ಹೋದೀತು.