ಕೂದಲಿಲ್ಲದ ನಾಯಿ: ತಳಿಯೋ, ರೋಗವೋ?

ಹುಟ್ಟುವಾಗಲೇ ಮೈಮೇಲೆ ಕೂದಲಿಲ್ಲದ ನಾಯಿಯಿದೆ ಎಂದರೆ ನಂಬುತ್ತೀರಾ? ಮೆಕ್ಸಿಕೋ ದೇಶದ 'ಶೋಲೋ' ಅಂತಹ ಪ್ರಾಚೀನ ತಳಿ. ಅಲ್ಲಿನ ಹಳೆಯ ಗೋರಿಗಳಲ್ಲಿ ನಾಯಿಗಳ ಮಣ್ಣಿನ ಬೊಂಬೆಗಳು ಸಿಕ್ಕಿವೆ. ಒಂದು ವಂಶವಾಹಿಯ ಬದಲಾವಣೆಯೇ ಇದಕ್ಕೆ ಕಾರಣವೆಂದು 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅದೇ ಕಾರಣದಿಂದ ಇವುಗಳಿಗೆ ಕೆಲವು ಹಲ್ಲುಗಳೂ ಇರುವುದಿಲ್ಲ. ಒಂದೇ ಸೂಲಿನಲ್ಲಿ ಕೂದಲಿರುವ ಮರಿಗಳೂ ಹುಟ್ಟುವುದುಂಟು. ಮುಟ್ಟಿದರೆ ಮೈ ಬಿಸಿ ಎನಿಸುತ್ತದೆ. ಆದರೆ ದೇಹದ ಉಷ್ಣತೆ ಬೇರೆ ನಾಯಿಗಳಷ್ಟೇ. ಬಿಸಿಲಿಗೆ ಚರ್ಮ ಸುಡುತ್ತದೆ, ಚಳಿಯೂ ತಡೆಯದು. ಆದ್ದರಿಂದ ನೆರಳು, ಬೆಚ್ಚನೆಯ ಹಾಸಿಗೆ ಮತ್ತು ಚರ್ಮದ ಸ್ವಚ್ಛತೆ ಅಗತ್ಯ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಬೀದಿಗಳಲ್ಲಿ ನಾವು ಕಾಣುವ ಬೋಳು ನಾಯಿಯ ಕತೆ ಬೇರೆ. ಅದು ತಳಿಯಲ್ಲ, ಹೆಚ್ಚಾಗಿ ಕಜ್ಜಿ ರೋಗ. ಕಣ್ಣಿಗೆ ಕಾಣದ ನುಸಿಗಳು ಚರ್ಮವನ್ನು ಕೊರೆಯುವುದರಿಂದ ಬರುತ್ತದೆ. ಮೊದಲು ಕಿವಿಯಂಚು, ಮೊಣಕೈಗಳಲ್ಲಿ ಕೂದಲು ಉದುರುತ್ತದೆ. ತುರಿಕೆ ತಾಳಲಾರದೆ ನಾಯಿ ಮೈ ಕೆರೆದು ಗಾಯ ಮಾಡಿಕೊಳ್ಳುತ್ತದೆ. ಒಂದು ಬಗೆಯ ಕಜ್ಜಿ ಮನುಷ್ಯರಿಗೂ ತಾಗಿ ಸ್ವಲ್ಪ ಕಾಲ ತುರಿಕೆ ತರಬಹುದು. ಮಕ್ಕಳನ್ನು ದೂರವಿಡಿ, ಆದರೆ ಕಲ್ಲೆಸೆಯಲು ಬಿಡಬೇಡಿ.

ಈ ರೋಗಕ್ಕೆ ಮದ್ದಿದೆ. ಉಡುಪಿ, ಕಾರ್ಕಳಗಳಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ, ವೈದ್ಯರಿಗೆ ತಿಳಿಸಿ. ಅವರು ಮಾತ್ರೆ ಕೊಟ್ಟರೆ ಅನ್ನದಲ್ಲಿ ಬೆರೆಸಿ ದೂರದಲ್ಲಿಟ್ಟರಾಯಿತು, ನಾಯಿಯನ್ನು ಮುಟ್ಟಬೇಕಾಗಿಲ್ಲ. ಪ್ರಮಾಣ ನಾಯಿಯ ತೂಕದ ಮೇಲಿರುವುದರಿಂದ ನೀವೇ ಅಂದಾಜಿನಲ್ಲಿ ಕೊಡಬೇಡಿ. ಕೆಲವರು ವಾಹನದ ಹಳೆಯ ಆಯಿಲ್, ಸೀಮೆಎಣ್ಣೆ ಹಚ್ಚುತ್ತಾರೆ. ನಾಯಿ ಅದನ್ನು ನೆಕ್ಕಿದರೆ ವಿಷವಾಗುತ್ತದೆ, ಚರ್ಮವೂ ಸುಡುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಕೆಲವು ವಾರಗಳಲ್ಲಿ ಹೊಸ ಕೂದಲು ಮೂಡತೊಡಗುತ್ತದೆ.

ನಾಯಿ ಕಚ್ಚಿದರೆ ಮಾತ್ರ ತಡಮಾಡಬೇಡಿ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆಗಾಗಿ ಕೂಡಲೇ ಆಸ್ಪತ್ರೆಗೆ ಹೋಗಿ.

ನಾಯಿಯ ಜೊಲ್ಲು ತಾಗಿದರೆ ಶುದ್ಧಿ ಮಾಡುವ ನಿಯಮ ನಮಗೆಲ್ಲ ಗೊತ್ತು. ಆದರೆ ಆ ನಿಯಮ ಹಿಂಸೆಗೆ ಅನುಮತಿಯಲ್ಲ. ಬಾಯಾರಿದ ನಾಯಿಗಾಗಿ ಬಾವಿಗಿಳಿದು ನೀರು ತಂದ ವ್ಯಕ್ತಿಯನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಗೇಟಿನ ಹೊರಗೆ ಒಂದು ಬಟ್ಟಲು ನೀರಿಡಲು ನಮಗೆ ಬಾವಿಗೂ ಇಳಿಯಬೇಕಾಗಿಲ್ಲ.